ಸುಟ್ಟು ಉಳಿಸುವ ಬೆಳಕು

‘ಕಣ್ಣಿಗೆ ಲೇಸರ್ ಹಾಕಿಸಿದೆವು, ಆದರೂ ಅಪ್ಪನ ದೃಷ್ಟಿ ಸುಧಾರಿಸಲಿಲ್ಲ’ ಎಂಬ ಮಾತು ಸಕ್ಕರೆ ಕಾಯಿಲೆಯ ಹಿರಿಯರಿರುವ ಮನೆಗಳಲ್ಲಿ ಆಗಾಗ ಕೇಳಿಬರುತ್ತದೆ. ನಮ್ಮ ಬಳಗದಲ್ಲಿಯೂ ಕೇಳಿದ್ದೇವೆ. ಇಲ್ಲಿ ತಪ್ಪಿರುವುದು ಚಿಕಿತ್ಸೆಯಲ್ಲ, ನಮ್ಮ ನಿರೀಕ್ಷೆ. ಅದನ್ನು ತಿಳಿಯಲು ಈ ಚಿಕಿತ್ಸೆ ಹುಟ್ಟಿದ ಬಗೆಯನ್ನು ನೋಡಬೇಕು. ಆ ಕಥೆ ಲೇಸರ್ ಇನ್ನೂ ಇಲ್ಲದಿದ್ದ ಕಾಲದಲ್ಲಿ, ಒಂದು ಗ್ರಹಣದಿಂದ ಆರಂಭವಾಗುತ್ತದೆ.

1945ರ ಜುಲೈ 9ರಂದು ಯುರೋಪಿನಲ್ಲಿ ಸೂರ್ಯಗ್ರಹಣವಾಯಿತು. ಸಗಣಿ ಕದಡಿದ ನೀರಿನಲ್ಲಿ ಗ್ರಹಣದ ಬಿಂಬವನ್ನು ತೋರಿಸುತ್ತಿದ್ದ ನಮ್ಮ ಅಜ್ಜಿಯಂದಿರ ಎಚ್ಚರ ಅಲ್ಲಿ ಎಲ್ಲರಿಗೂ ಇದ್ದಂತಿಲ್ಲ. ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ವೈದ್ಯಕೀಯ ವಿದ್ಯಾರ್ಥಿಯೊಬ್ಬ ಬರಿಗಣ್ಣಿನಿಂದ ಸೂರ್ಯನನ್ನು ನೋಡಿ ಅಕ್ಷಿಪಟಲವನ್ನು ಸುಟ್ಟುಕೊಂಡ. ಅವನ ಕಣ್ಣಿನಲ್ಲುಳಿದ ಕಲೆಯನ್ನು ಕಂಡ ತರುಣ ನೇತ್ರವೈದ್ಯ ಗೆರ್ಡ್ ಮೇಯರ್-ಶ್ವಿಕೆರಾತ್ ಅವರಿಗೆ ಬೇರೆಯದೇ ಆಲೋಚನೆ ಹೊಳೆಯಿತು. ಸುಟ್ಟ ಗಾಯ ಮಾಗುವಾಗ ಅಕ್ಷಿಪಟಲವನ್ನು ಹಿಂದಿನ ಪದರಕ್ಕೆ ಬೆಸೆಯುತ್ತದೆ. ಹಾಗಾದರೆ ಹರಿದ ಅಕ್ಷಿಪಟಲದ ಅಂಚನ್ನು ಬೇಕೆಂದೇ ಸುಟ್ಟು, ಕಣ್ಣು ಕೊಯ್ಯದೆಯೇ ಬೆಸೆಯಬಾರದೇಕೆ? ಆಸ್ಪತ್ರೆಯ ಚಾವಣಿಯ ಮೇಲೆ ಉಪಕರಣ ಹೂಡಿ ಅವರು ಬಿಸಿಲನ್ನೇ ರೋಗಿಯ ಕಣ್ಣಿನೊಳಕ್ಕೆ ಹಾಯಿಸಿದರು. 1949ರಲ್ಲಿ ಯಶಸ್ಸು ಕಂಡರು. ಆದರೆ ಮೋಡ ಕವಿದ ದಿನ ಚಿಕಿತ್ಸೆಯೂ ಇಲ್ಲ! ಮುಂದೆ ಸೂರ್ಯನ ಸ್ಥಾನಕ್ಕೆ ಕಾರ್ಬನ್ ಆರ್ಕ್ ದೀಪವೂ ಕ್ಸೆನಾನ್ ದೀಪವೂ ಬಂದವು.

1960ರಲ್ಲಿ ಥಿಯೊಡೋರ್ ಮೈಮನ್ ಅಮೆರಿಕದಲ್ಲಿ ಮಾಣಿಕ್ಯದ ಹರಳಿನಿಂದ ಮೊದಲ ಲೇಸರ್ ಬೆಳಗಿಸಿದಾಗ ಅದಕ್ಕೆ ಕೆಲಸ ಕೊಡಲು ನೇತ್ರವೈದ್ಯರು ಸಿದ್ಧರಾಗಿಯೇ ಇದ್ದರು. 1961ರಲ್ಲಿ ನ್ಯೂಯಾರ್ಕ್‌ನ ಚಾರ್ಲ್ಸ್ ಕ್ಯಾಂಬೆಲ್ ಮತ್ತು ಚಾರ್ಲ್ಸ್ ಕೋಸ್ಟರ್ ರೋಗಿಯೊಬ್ಬರ ಅಕ್ಷಿಪಟಲದ ಗಡ್ಡೆಯನ್ನು ಲೇಸರಿನಿಂದ ಸುಟ್ಟರು. ಆದರೆ ಮಾಣಿಕ್ಯದ ಬೆಳಕು ಕೆಂಪು. ಕೆಂಪು ರಕ್ತ ಅದನ್ನು ಹೀರಿಕೊಳ್ಳುವುದು ಬಲು ಕಡಿಮೆ. ರಕ್ತನಾಳಗಳ ಕಾಯಿಲೆಗೆ ಆರ್ಗಾನ್ ಲೇಸರಿನ ನೀಲಿ-ಹಸಿರು ಬೆಳಕಿಗಾಗಿ ಕಾಯಬೇಕಾಯಿತು. 1968ರ ಹೊತ್ತಿಗೆ ಫ್ರಾನ್ಸಿಸ್ ಲೆಸ್ಪೆರೆನ್ಸ್ ಅದನ್ನು ರೋಗಿಗಳ ಮೇಲೆ ಬಳಸಿದರು.

ಮಧುಮೇಹದಲ್ಲಿ ಅಕ್ಷಿಪಟಲದ ಸಣ್ಣ ರಕ್ತನಾಳಗಳು ಮುಚ್ಚಿಹೋಗುತ್ತವೆ. ಆಮ್ಲಜನಕ ಸಾಲದ ಅಕ್ಷಿಪಟಲ ಹೊಸ ನಾಳಗಳನ್ನು ಬೆಳೆಸುತ್ತದೆ. ದುರ್ಬಲವಾದ ಅವು ಒಡೆದು ಕಣ್ಣಿನೊಳಗೆ ರಕ್ತ ತುಂಬುತ್ತದೆ. ಅಕ್ಷಿಪಟಲದ ಅಂಚಿನ ಭಾಗದಲ್ಲಿ ನೂರಾರು ಚುಕ್ಕೆಗಳನ್ನು ಸುಟ್ಟರೆ ಆಮ್ಲಜನಕದ ಬೇಡಿಕೆ ತಗ್ಗಿ ಹೊಸ ನಾಳಗಳು ಬಾಡುತ್ತವೆ. ಕಾಣುವ ಕಣ್ಣನ್ನು ಸುಡುವುದೆಂದರೆ ಸಂಶಯ ಸಹಜ. ಅದನ್ನು ಬಗೆಹರಿಸಲು ಅಮೆರಿಕದಲ್ಲಿ 1,700ಕ್ಕೂ ಹೆಚ್ಚು ಮಧುಮೇಹಿಗಳ ಮೇಲೆ ಅಧ್ಯಯನ ನಡೆಯಿತು. ಪ್ರತಿಯೊಬ್ಬರ ಒಂದು ಕಣ್ಣಿಗೆ ಮಾತ್ರ ಚಿಕಿತ್ಸೆ. ಯಾವುದೆಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಲಾಗುತ್ತಿತ್ತು. ಒಂದೇ ಮುಖದ ಎರಡು ಕಣ್ಣುಗಳನ್ನು ಹೀಗೆ ಬೇರ್ಪಡಿಸಲು ಒಪ್ಪಿದ ಆ ರೋಗಿಗಳ ಹೆಸರು ಯಾವ ಚರಿತ್ರೆಯಲ್ಲಿಯೂ ಇಲ್ಲ. ಚಿಕಿತ್ಸೆ ಪಡೆದ ಕಣ್ಣುಗಳಲ್ಲಿ ತೀವ್ರ ದೃಷ್ಟಿನಾಶ ಅರ್ಧಕ್ಕಿಂತಲೂ ಕಡಿಮೆಯಾದುದು ಸ್ಪಷ್ಟವಾದಾಗ, 1976ರಲ್ಲಿ ನಿಯಮವನ್ನೇ ಬದಲಿಸಿ, ಅಪಾಯದಲ್ಲಿದ್ದ ಉಳಿದ ಕಣ್ಣುಗಳಿಗೂ ಚಿಕಿತ್ಸೆಗೆ ಅವಕಾಶ ಕೊಟ್ಟರು.

ಕನ್ನಡಕವನ್ನು ಬಿಡಿಸುವ ಲೇಸರ್ ಬೇರೆಯೇ. 1981ರಲ್ಲಿ ಐಬಿಎಂ ಪ್ರಯೋಗಾಲಯದಲ್ಲಿ ಮದರಾಸು ಮೂಲದ ರಂಗಸ್ವಾಮಿ ಶ್ರೀನಿವಾಸನ್ ತಮ್ಮ ಇಬ್ಬರು ಸಂಗಡಿಗರೊಂದಿಗೆ, ಹಬ್ಬದೂಟದಲ್ಲಿ ಉಳಿದ ಟರ್ಕಿ ಕೋಳಿಯ ಮಾಂಸದ ಮೇಲೆ ಎಕ್ಸೈಮರ್ ಲೇಸರ್ ಹಾಯಿಸಿದರು. ಅದು ಸುತ್ತಲಿನ ಭಾಗವನ್ನು ಸುಡದೆ ಅಚ್ಚುಕಟ್ಟಾಗಿ ಕೆತ್ತಿತು. ಚೆನ್ನೈಯ ನಮ್ಮ ಓದುಗರಿಗೆ ಇದು ಖುಷಿಯ ಸಂಗತಿಯೇ. ಆ ಲೇಸರ್ ಕಣ್ಣಿನ ಮುಂಭಾಗದ ಪಾರದರ್ಶಕ ಪಟಲವನ್ನು ತಿದ್ದಿ ನೋಟವನ್ನು ಸ್ಪಷ್ಟಗೊಳಿಸುತ್ತದೆ. ಎರಡಕ್ಕೂ ನಾವು ಲೇಸರ್ ಎಂಬ ಒಂದೇ ಹೆಸರು ಹಿಡಿದಿರುವುದರಿಂದಲೇ ಈ ಗೊಂದಲ ಎಂದು ನಮಗನಿಸುತ್ತದೆ.

ಈಗ ಕಣ್ಣಿನೊಳಗೆ ಕೊಡುವ ಚುಚ್ಚುಮದ್ದುಗಳೂ ಈ ಕೆಲಸದ ಪಾಲು ಹೊತ್ತಿವೆ. ಆದರೆ ಅಂಚಿನ ಅಕ್ಷಿಪಟಲವನ್ನು ಲೇಸರಿಗೆ ಒಪ್ಪಿಸಿದ ಹಿರಿಯರು, ನಡುವಿನ ದೃಷ್ಟಿ ಉಳಿದಿದ್ದರೆ, ಬೆಳಗಿನ ಪತ್ರಿಕೆಯನ್ನು ತಾವೇ ಓದಿಯಾರು. ಮಬ್ಬುಗತ್ತಲಲ್ಲಿ ಮೆಟ್ಟಿಲು ಇಳಿಯುವಾಗ ಮಾತ್ರ ಅವರಿಗೆ ಯಾರಾದರೂ ಕೈ ಕೊಡಬೇಕಾದೀತು.