ಆರೋಗ್ಯ ವ್ಯವಸ್ಥೆಯ ಸುಧಾರಣೆ

ಜನರಿಗೆ ಚಿಕಿತ್ಸೆ ಎಲ್ಲಿ, ಯಾರಿಂದ, ಯಾರ ಹಣದಲ್ಲಿ ದೊರೆಯಬೇಕು ಎಂಬ ಏರ್ಪಾಡನ್ನೇ ಬದಲಿಸುವ ಕಾನೂನು, ಹಣಕಾಸು ಹಾಗೂ ಆಡಳಿತ ಕ್ರಮಗಳನ್ನು ಒಟ್ಟಾಗಿ ಆರೋಗ್ಯ ವ್ಯವಸ್ಥೆಯ ಸುಧಾರಣೆ ಎನ್ನುತ್ತಾರೆ. ಹೊಸ ಆಸ್ಪತ್ರೆ ಕಟ್ಟುವುದು, ಹಾಸಿಗೆಗಳನ್ನು ಹೆಚ್ಚಿಸುವುದು ಇದರ ಅಂಗವಾಗಬಹುದು. ಆದರೆ ಅಷ್ಟಕ್ಕೇ ನಿಂತರೆ ಅದು ವಿಸ್ತರಣೆ ಮಾತ್ರ.

ವಿಶ್ವ ಆರೋಗ್ಯ ಸಂಸ್ಥೆ 2000ದ ವರದಿಯಲ್ಲಿ ಆರೋಗ್ಯ ವ್ಯವಸ್ಥೆಗೆ ಮೂರು ಗುರಿಗಳನ್ನು ಹೇಳಿತು: ಜನರ ಆರೋಗ್ಯ ಉತ್ತಮಗೊಳ್ಳುವುದು, ರೋಗಿಯ ಘನತೆಗೂ ನಿರೀಕ್ಷೆಗೂ ಸ್ಪಂದಿಸುವುದು, ಖರ್ಚಿನ ಹೊರೆ ನ್ಯಾಯವಾಗಿ ಹಂಚಿಕೆಯಾಗುವುದು. ಭಾರತದಲ್ಲಿ ಯಾವ ಸುಧಾರಣೆಯನ್ನಾದರೂ ಮೊದಲು ಅಳೆಯಬೇಕಾದುದು ಮೂರನೆಯ ಗುರಿಯಿಂದ. ಚಿಕಿತ್ಸೆಗೆಂದು ಹೊಲ ಅಡವಿಟ್ಟ ಮನೆಯಲ್ಲಿ ರೋಗಿ ಉಳಿದುಕೊಂಡರೂ ಮಕ್ಕಳ ಓದು ನಿಲ್ಲುತ್ತದೆ, ಊಟ ಕುಗ್ಗುತ್ತದೆ, ಅಲ್ಲಿಂದ ಮತ್ತೊಂದು ಕಾಯಿಲೆ ಶುರುವಾಗುತ್ತದೆ.

ಈ ಹೊರೆಯನ್ನು ಹಂಚಿಕೊಳ್ಳಲು ದೇಶಗಳು ಬೇರೆ ಬೇರೆ ದಾರಿ ಹಿಡಿದವು. ಜರ್ಮನಿಯಲ್ಲಿ ಚಾನ್ಸಲರ್ ಬಿಸ್ಮಾರ್ಕ್ 1883ರಲ್ಲಿ ಕಾರ್ಮಿಕರಿಗೆ ಕಡ್ಡಾಯ ಆರೋಗ್ಯ ವಿಮೆ ತಂದ. ಬ್ರಿಟನ್ ವಿಮೆಯ ಬದಲು ತೆರಿಗೆ ಹಣವನ್ನು ನೆಚ್ಚಿ, ಸಚಿವ ಅನೈರಿನ್ ಬೆವನ್ ಮುಂದಾಳತ್ವದಲ್ಲಿ 1948ರ ಜುಲೈ 5ರಂದು ರಾಷ್ಟ್ರೀಯ ಆರೋಗ್ಯ ಸೇವೆಯನ್ನು ಆರಂಭಿಸಿತು.

ಭಾರತದ ಮೂಲ ನಕ್ಷೆ ಅದಕ್ಕೂ ಎರಡು ವರ್ಷ ಹಳೆಯದು. 1943ರಲ್ಲಿ ನೇಮಕಗೊಂಡ ಸರ್ ಜೋಸೆಫ್ ಭೋರ್ ಸಮಿತಿ 1946ರಲ್ಲಿ ವರದಿ ಕೊಟ್ಟಿತು. ಹಣವಿಲ್ಲವೆಂಬ ಕಾರಣಕ್ಕೆ ಯಾರೂ ಚಿಕಿತ್ಸೆಯಿಂದ ವಂಚಿತರಾಗಬಾರದು, ರೋಗ ತಡೆಯುವ ಕೆಲಸವೂ ಗುಣಪಡಿಸುವ ಕೆಲಸವೂ ಒಂದೇ ಸೂರಿನಡಿ ನಡೆಯಬೇಕು ಎಂಬುದು ಅದರ ತಿರುಳು. ಸಮುದಾಯ ಅಭಿವೃದ್ಧಿ ಕಾರ್ಯಕ್ರಮದೊಂದಿಗೆ 1952ರಿಂದ ಪ್ರಾಥಮಿಕ ಆರೋಗ್ಯ ಕೇಂದ್ರಗಳು ತಲೆಯೆತ್ತಿದವು. ಈಗಿನ ನಿಯಮದಂತೆ ಬಯಲುಸೀಮೆಯಲ್ಲಿ 30,000 ಜನರಿಗೆ, ಗುಡ್ಡಗಾಡು ಮತ್ತು ಬುಡಕಟ್ಟು ಪ್ರದೇಶಗಳಲ್ಲಿ 20,000 ಜನರಿಗೆ ಒಂದು ಕೇಂದ್ರ ಇರಬೇಕು. ಕಟ್ಟಡವಿದ್ದೂ ವೈದ್ಯರಿಲ್ಲದ, ವೈದ್ಯರಿದ್ದೂ ಔಷಧಿಯಿಲ್ಲದ ಕೇಂದ್ರಗಳು ಈ ಲೆಕ್ಕದಲ್ಲಿ ಕಾಣುವುದಿಲ್ಲ.

2005ರ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಈ ಕೊರತೆಯನ್ನು ಬೇರೊಂದು ದಿಕ್ಕಿನಿಂದ ನೀಗಲು ಹೊರಟಿತು. ಸುಮಾರು ಸಾವಿರ ಜನರಿಗೊಬ್ಬರಂತೆ ಅದೇ ಊರಿನ ಹೆಣ್ಣುಮಗಳೊಬ್ಬಳನ್ನು ಆಶಾ ಕಾರ್ಯಕರ್ತೆಯಾಗಿ ಆರಿಸಿತು. ಗರ್ಭಿಣಿಯನ್ನು ಹೆಸರು ಹಿಡಿದು ಬಲ್ಲವರು, ನಡುರಾತ್ರಿ ಜೊತೆಗೆ ಆಸ್ಪತ್ರೆಗೆ ಹೋಗುವವರು ಇವರು. ದೇಶದಲ್ಲಿ ಆಸ್ಪತ್ರೆಯಲ್ಲಾಗುವ ಹೆರಿಗೆಗಳ ಪ್ರಮಾಣ 2005–06ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಶೇ. 38.7 ಇದ್ದದ್ದು 2019–21ರ ಸಮೀಕ್ಷೆಯಲ್ಲಿ ಶೇ. 88.6ಕ್ಕೆ ಏರಿತು. ಹೆರಿಗೆಗೆ ನೀಡಿದ ನಗದು ನೆರವೂ ಇದಕ್ಕೆ ಕಾರಣ. ಇಷ್ಟಾಗಿಯೂ ಆಶಾ ಕಾರ್ಯಕರ್ತೆಯರು ಸರ್ಕಾರದ ಕಡತದಲ್ಲಿ ಗೌರವಧನ ಪಡೆಯುವ ಸ್ವಯಂಸೇವಕಿಯರಾಗಿಯೇ ಉಳಿದಿರುವುದು ದೊಡ್ಡ ಅನ್ಯಾಯ.

ಕರ್ನಾಟಕದಲ್ಲಿ ಎರಡು ಪ್ರಯೋಗಗಳು ಮುಖ್ಯ. ಡಾ. ಎಚ್. ಸುದರ್ಶನ್ ಅವರ ಕರುಣಾ ಟ್ರಸ್ಟ್ 1996ರಲ್ಲಿ ಯಳಂದೂರು ತಾಲ್ಲೂಕಿನ ಗುಂಬಳ್ಳಿ ಪ್ರಾಥಮಿಕ ಆರೋಗ್ಯ ಕೇಂದ್ರದ ನಿರ್ವಹಣೆಯನ್ನು ಸರ್ಕಾರದಿಂದ ವಹಿಸಿಕೊಂಡಿತು. 2003ರಲ್ಲಿ ಆರಂಭವಾದ ಯಶಸ್ವಿನಿ ಯೋಜನೆ ಸಹಕಾರ ಸಂಘಗಳ ರೈತ ಸದಸ್ಯರನ್ನು ಕೂಡಿಸಿ, ತಿಂಗಳಿಗೆ 5 ರೂಪಾಯಿಯಂತೆ ವರ್ಷಕ್ಕೆ 60 ರೂಪಾಯಿ ವಂತಿಗೆಗೆ ಶಸ್ತ್ರಚಿಕಿತ್ಸೆಯ ರಕ್ಷಣೆ ಕೊಟ್ಟಿತು. ಹಾಲು, ಕಬ್ಬಿನ ಲೆಕ್ಕಕ್ಕಾಗಿ ಹುಟ್ಟಿದ ಸಂಘಗಳು ಹೃದಯದ ಆಪರೇಷನ್‌ಗೂ ಆಸರೆಯಾದವು. 2018ರಲ್ಲಿ ರಾಜ್ಯದ ಆರೋಗ್ಯ ಕರ್ನಾಟಕ ಯೋಜನೆಯೊಳಗೆ ಸೇರಿಹೋದ ಯಶಸ್ವಿನಿ 2022ರಲ್ಲಿ ಮತ್ತೆ ಪ್ರತ್ಯೇಕ ಯೋಜನೆಯಾಯಿತು.

2018ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್ ವಿಮೆ ಅರ್ಹ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಒಳರೋಗಿ ಚಿಕಿತ್ಸೆಯ ವೆಚ್ಚ ಭರಿಸುತ್ತದೆ. ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರಗಳ ಪ್ರಕಾರ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನ ತಮ್ಮ ಕೈಯಿಂದ ತೆರುವ ಪಾಲು 2013–14ರಲ್ಲಿ ಶೇ. 64.2 ಇತ್ತು, 2021–22ರಲ್ಲಿ ಶೇ. 39.4ಕ್ಕೆ ಇಳಿದಿದೆ. ಇಳಿಕೆ ನಿಜವೇ, ಆದರೆ ಉಳಿದಿರುವುದೂ ಸಣ್ಣದಲ್ಲ. ಸಕ್ಕರೆ ಕಾಯಿಲೆ, ರಕ್ತದೊತ್ತಡದವರು ಬದುಕಿರುವಷ್ಟು ಕಾಲ ಔಷಧಿ ಅಂಗಡಿಯಲ್ಲಿ ಕೊಡುವ ದುಡ್ಡನ್ನು ಇಂಥ ವಿಮೆ ಮುಟ್ಟುವುದಿಲ್ಲ. ಥಾಯ್ಲೆಂಡ್ 2002ರಲ್ಲಿ ತಂದ 30 ಬಾತ್ ಯೋಜನೆ ಹೊರರೋಗಿ ಚಿಕಿತ್ಸೆ ಮತ್ತು ಔಷಧಿಗಳನ್ನೂ ಒಳಗೊಂಡಿತು, ಸ್ಥಳೀಯ ಆಸ್ಪತ್ರೆಗೆ ನೋಂದಾಯಿತ ಜನರ ತಲೆಲೆಕ್ಕದಲ್ಲಿ ಹಣ ಒದಗಿಸಿತು. ನಮ್ಮ ವಿಮೆಗಳು ಕಲಿಯಬೇಕಾದ ಪಾಠ ಇಲ್ಲಿದೆ.

ಖಾಸಗಿ ಆಸ್ಪತ್ರೆಗಳನ್ನು ಉತ್ತರದಾಯಿಯಾಗಿಸುವುದೂ ಸುಧಾರಣೆಯ ಗುರಿಯೇ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮ 2007ರದು. ಅದಕ್ಕೆ 2017ರಲ್ಲಿ ತಿದ್ದುಪಡಿ ತರಲು ಹೊರಟಾಗ ಖಾಸಗಿ ವೈದ್ಯರು ಮುಷ್ಕರ ಹೂಡಿದರು, ಮಸೂದೆ ಮೆತ್ತಗಾಯಿತು. ಆದರೂ ರೋಗಿಗಳ ಹಕ್ಕುಪತ್ರ ಕಾನೂನಿನಲ್ಲಿ ಉಳಿಯಿತು. ಬಿಲ್ ಬಾಕಿಯಿದೆ ಎಂದು ಮೃತದೇಹವನ್ನು ತಡೆಹಿಡಿಯುವಂತಿಲ್ಲ. ಇದನ್ನು ಮೀರಿದ ಆಸ್ಪತ್ರೆಯ ವಿರುದ್ಧ ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಪ್ರಾಧಿಕಾರಕ್ಕೆ ದೂರು ಕೊಡಬಹುದು.