ವಿಜಯನಗರದ ಬಿಲ್ಲನ್ನು ಮತ್ತೆ ಮಾಡಬಹುದೇ?

ಹೊಸಪೇಟೆಯಿಂದ ಕಮಲಾಪುರದ ಹಾದಿಯಲ್ಲಿ ಹಂಪಿಗೆ ಬರುವ ಪ್ರವಾಸಿಗೆ ಬಿಲ್ಲಿನ ಚಿತ್ರಗಳಿಗೆ ಕೊರತೆಯಿಲ್ಲ. ಮಹಾನವಮಿ ದಿಬ್ಬದ ಪಟ್ಟಿಕೆಗಳಲ್ಲಿ ಬೇಟೆಯ ದೃಶ್ಯಗಳಿವೆ. ಹಜಾರರಾಮ ದೇವಾಲಯದ ಗೋಡೆಗಳ ಮೇಲೆ ರಾಮಾಯಣದ ಕಥೆ ಸಾಲುಸಾಲಾಗಿ ಮೂಡಿದೆ. ಆ ಕಥೆಯ ತುಂಬ ಬಿಲ್ಲುಗಳೇ. ಆದರೆ ವಿಜಯನಗರದ ಸೈನಿಕ ಕೈಯಲ್ಲಿ ಹಿಡಿದ ಬಿಲ್ಲಿನ ಉದ್ದವೆಷ್ಟು, ಅದನ್ನು ಎಳೆಯಲು ಎಷ್ಟು ಬಲ ಬೇಕಿತ್ತು ಎಂಬ ಪ್ರಶ್ನೆಗೆ ಕಲ್ಲು ಪೂರ್ತಿ ಉತ್ತರ ಕೊಡುವುದಿಲ್ಲ.

ಹಳೆಯ ಮಾದರಿಯ ಬಿಲ್ಲುಬಾಣಗಳನ್ನು ಮಾಡಿ ಮಾರುವ ಸಣ್ಣ ಕುಶಲಕರ್ಮಿಗಳು ಇಂದು ಹಲವು ದೇಶಗಳಲ್ಲಿದ್ದಾರೆ. ತುರ್ಕಿ, ಮಂಗೋಲ್, ಇಂಗ್ಲಿಷ್ ಮಾದರಿಯ ಬಿಲ್ಲುಗಳನ್ನು ಹವ್ಯಾಸಿಗಳು ಹಣ ಕೊಟ್ಟು ಕೊಳ್ಳುತ್ತಾರೆ. ತುರ್ಕಿಯ ಸಾಂಪ್ರದಾಯಿಕ ಬಿಲ್ವಿದ್ಯೆಯನ್ನು 2019ರಲ್ಲಿ ಯುನೆಸ್ಕೋ ತನ್ನ ಪಾರಂಪರಿಕ ಪಟ್ಟಿಗೆ ಸೇರಿಸಿತು. ಹೀಗಿರುವಾಗ ಯಾರಾದರೂ 'ವಿಜಯನಗರದ ಬಿಲ್ಲು' ಬೇಕೆಂದು ಕೇಳಿದರೆ ಮಾಡುವವನು ಯಾವ ಆಧಾರದ ಮೇಲೆ ಮಾಡಬೇಕು? ಪ್ರಶ್ನೆ ಚಿಕ್ಕದು. ಉತ್ತರ ಹುಡುಕಹೊರಟರೆ ಸಾಮ್ರಾಜ್ಯದ ಸೈನಿಕ ಚರಿತ್ರೆಯೇ ತೆರೆದುಕೊಳ್ಳುತ್ತದೆ.

ಮೊದಲಿಗೆ ಸಾಮಗ್ರಿಯ ಮಾತು. ಕೌಟಿಲ್ಯನ ಅರ್ಥಶಾಸ್ತ್ರ ಬಿಲ್ಲುಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸುತ್ತದೆ: ತಾಳೆಯದು, ಬಿದಿರಿನದು, ಮರದ್ದು, ಕೊಂಬಿನದು. ಹೆದೆಗೆ ಎಕ್ಕದ ನಾರು, ಸೆಣಬು, ಬಿದಿರು, ಪ್ರಾಣಿಯ ನರ ಮುಂತಾದವನ್ನು ಅದು ಹೇಳುತ್ತದೆ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿ ಬಿಲ್ವಿದ್ಯೆಯು ಅರಸರ ವಿನೋದಗಳಲ್ಲಿ ಒಂದಾಗಿದೆ. ಎಂದರೆ ವಿಜಯನಗರ ಹುಟ್ಟುವ ಮೊದಲೇ ಈ ನಾಡಿನಲ್ಲಿ ಬಿಲ್ಲಿನ ಪರಂಪರೆ ಗಟ್ಟಿಯಾಗಿತ್ತು. ಸಾಮಾನ್ಯ ಕಾಲಾಳಿನ ಬಿಲ್ಲು ಬಿದಿರಿನದೋ ಮರದ್ದೋ ಆಗಿರುವುದೇ ಸಹಜ. ಅದು ಅಗ್ಗ, ಕೆಲಸ ಬಲ್ಲವನಿಗೆ ಬೇಗ ತಯಾರಾಗುವಂಥದ್ದು. ಬಾಣದ ಅಲಗಿಗೆ ಬೇಕಾದ ಕಬ್ಬಿಣಕ್ಕಂತೂ ಸಂಡೂರಿನ ಬೆಟ್ಟಗಳ ಅದಿರು ಹತ್ತಿರದಲ್ಲೇ ಇತ್ತು.

ಈ ಸೀಮೆಯ ವೀರರ ನೆನಪು ಕಂಪ್ಲಿಯಿಂದ ಆರಂಭವಾಗುತ್ತದೆ. ಕಂಪಿಲರಾಯನ ರಾಜ್ಯ 1327ರ ಸುಮಾರಿಗೆ ದೆಹಲಿಯ ಮಹಮದ್ ಬಿನ್ ತುಘಲಕ್‌ನ ಸೇನೆಗೆ ಸೋತು ಅಳಿಯಿತು. ಅವನ ಮಗ ಕುಮಾರರಾಮನ ಸಾಹಸವನ್ನು ಜನಪದರೂ ಕವಿಗಳೂ ಹಾಡಿದರು. ಆದರೆ ಕಾವ್ಯ ವೀರನ ಹೆಸರನ್ನು ಉಳಿಸುವಷ್ಟು ಕಾಳಜಿಯಿಂದ ಅವನ ಆಯುಧದ ಅಳತೆಯನ್ನು ಉಳಿಸುವುದಿಲ್ಲ.

ವಿಜಯನಗರದ ಬಿಲ್ಲುಗಾರರ ಬಗ್ಗೆ ಅತಿ ಸ್ವಾರಸ್ಯದ ಪ್ರಸಂಗ ಎರಡನೆಯ ದೇವರಾಯನ ಕಾಲದ್ದು (ಸುಮಾರು 1424-1446). ಬಹಮನಿ ಸೇನೆ ಪದೇ ಪದೇ ಮೇಲುಗೈ ಪಡೆಯುವುದೇಕೆಂದು ಅರಸ ತನ್ನವರನ್ನು ಕೇಳಿದನಂತೆ. ಅವರ ಕುದುರೆಗಳು ಬಲವಾದವು, ಅವರ ಬಿಲ್ಲುಗಾರರು ನುರಿತವರು ಎಂಬ ಉತ್ತರ ಬಂತು. ಆಗ ದೇವರಾಯ ಮುಸ್ಲಿಂ ಸೈನಿಕರನ್ನು ಸೇರಿಸಿಕೊಂಡು, ಅವರಿಗೆ ಜಹಗೀರು ಕೊಟ್ಟು, ರಾಜಧಾನಿಯಲ್ಲಿ ಮಸೀದಿ ಕಟ್ಟಿಸಿ, ತನ್ನ ಸೈನಿಕರಿಗೂ ಆ ಬಿಲ್ವಿದ್ಯೆಯನ್ನು ಕಲಿಸಲು ಆಜ್ಞಾಪಿಸಿದ. ಕೊನೆಗೆ 2,000 ಮುಸ್ಲಿಂ ಬಿಲ್ಲುಗಾರರೂ 60,000 ಹಿಂದೂ ಬಿಲ್ಲುಗಾರರೂ ಸಿದ್ಧರಾದರು ಎಂದು ಫೆರಿಷ್ತಾ ಬರೆಯುತ್ತಾನೆ. ಅವನು ಬಿಜಾಪುರದ ಆಶ್ರಯದಲ್ಲಿ ಬರೆದದ್ದು ಸುಮಾರು ಒಂದೂವರೆ ಶತಮಾನದ ನಂತರ. ಆದ್ದರಿಂದ ಅಂಕಿಗಳನ್ನು ಎಚ್ಚರದಿಂದ ಓದಬೇಕು. ಆದರೆ ಪ್ರಸಂಗದ ತಿರುಳಿಗೆ ಹಂಪಿಯಲ್ಲೇ ಒಂದು ಸಾಕ್ಷಿಯಿದೆ. ದೇವರಾಯನ ಸೇವೆಯಲ್ಲಿದ್ದ ಅಹಮದ್ ಖಾನ್ 1439ರಲ್ಲಿ ಅರಸನಿಗೆ ಪುಣ್ಯವಾಗಲೆಂದು ಧರ್ಮಸಾಲೆಯೊಂದನ್ನು ಕಟ್ಟಿಸಿದ್ದನ್ನು ಶಾಸನ ಹೇಳುತ್ತದೆ. ಅದು ಇಂದಿಗೂ ನಿಂತಿರುವ ಮಸೀದಿ.

ಕುದುರೆ ಮತ್ತು ಬಿಲ್ಲು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದ್ದು ಆಕಸ್ಮಿಕವಲ್ಲ. ಓಡುವ ಕುದುರೆಯ ಮೇಲಿಂದ ಉದ್ದನೆಯ ಬಿಲ್ಲನ್ನು ಆಡಿಸುವುದು ಕಷ್ಟ. ಪಶ್ಚಿಮ ಮತ್ತು ಮಧ್ಯ ಏಷ್ಯದ ಸವಾರರು ಬಳಸುತ್ತಿದ್ದುದು ಗಿಡ್ಡನೆಯ ಜೋಡಣೆಯ ಬಿಲ್ಲು. ಮರದ ತಿರುಳಿಗೆ ಒಳಬದಿಯಲ್ಲಿ ಕೊಂಬಿನ ಪಟ್ಟಿ, ಹೊರಬದಿಯಲ್ಲಿ ಪ್ರಾಣಿಯ ನರದ ಎಳೆಗಳನ್ನು ಅಂಟಿನಿಂದ ಕೂಡಿಸುತ್ತಾರೆ. ಎಳೆದಾಗ ಕೊಂಬು ಒತ್ತಡವನ್ನು ತಡೆಯುತ್ತದೆ. ನರ ಹಿಗ್ಗಿ ಮತ್ತೆ ಕುಗ್ಗುತ್ತದೆ. ಹೀಗಾಗಿ ಗಿಡ್ಡ ಬಿಲ್ಲಿನಲ್ಲೇ ದೊಡ್ಡ ಬಲ ಅಡಗಿರುತ್ತದೆ. ಆದರೆ ಇದನ್ನು ಮಾಡಿ ಒಣಗಿಸಲು ಹಲವು ತಿಂಗಳು ಬೇಕು. ಅಂಟಿಗೆ ತೇವ ಶತ್ರು. ಕರಾವಳಿ ಮಲೆನಾಡುಗಳಿಗಿಂತ ಮಳೆ ಕಡಿಮೆಯಿರುವ ಬಳ್ಳಾರಿ-ರಾಯಚೂರಿನ ಬಯಲು ಇಂಥ ಬಿಲ್ಲಿಗೆ ಅನುಕೂಲವಾದ ನೆಲವೆನ್ನಬಹುದು.

ವಿಜಯನಗರದ ಅರಸ ವರ್ಷಕ್ಕೆ 13,000 ಹೊರ್ಮುಜ್ ಕುದುರೆಗಳನ್ನು ಕೊಳ್ಳುತ್ತಿದ್ದನೆಂದು ಪೋರ್ಚುಗೀಸ್ ವ್ಯಾಪಾರಿ ನ್ಯೂನಿಜ್ ಬರೆದಿದ್ದಾನೆ. ಕುದುರೆಯನ್ನು ಹಡಗಿನಲ್ಲಿ ತರಿಸಬಹುದಿತ್ತು. ಬಿಲ್ವಿದ್ಯೆಯನ್ನು ತರಿಸಬೇಕಾದರೆ ಬಲ್ಲವರನ್ನೇ ಕರೆಸಿ, ಜಾಗ ಕೊಟ್ಟು, ವರ್ಷಗಟ್ಟಲೆ ಕಲಿಯಬೇಕಿತ್ತು. ದೇವರಾಯ ಮಾಡಿದ್ದು ಅದನ್ನೇ.

ಇದರ ಫಲ ಒಂದು ಶತಮಾನದ ಹೊತ್ತಿಗೆ ಕಣ್ಣಿಗೆ ಕಾಣುವಂತಿತ್ತು. 1520ರ ಸುಮಾರಿಗೆ ಕೃಷ್ಣದೇವರಾಯನ ಸೇನೆಯ ಮೆರವಣಿಗೆಯನ್ನು ನೋಡಿದ ಡೊಮಿಂಗೊ ಪಾಯಸ್ ಚಿನ್ನ ಬೆಳ್ಳಿಯ ತಗಡು ಹೊದಿಸಿದ ಬಿಲ್ಲುಗಳನ್ನು, ನಯಗೊಳಿಸಿದ ಬಿಲ್ಲುಗಳನ್ನು, ಅಚ್ಚುಕಟ್ಟಾಗಿ ಗರಿ ಕಟ್ಟಿದ ಬಾಣಗಳನ್ನು ವರ್ಣಿಸುತ್ತಾನೆ. ಅದೇ ಮೆರವಣಿಗೆಯ ಮುಸ್ಲಿಂ ಸೈನಿಕರ ಕೈಯಲ್ಲಿ ತುರ್ಕಿ ಬಿಲ್ಲುಗಳಿದ್ದುದನ್ನು ಪ್ರತ್ಯೇಕವಾಗಿ ಹೇಳುತ್ತಾನೆ. ಬಳ್ಳಾರಿಯ ಕಲೆಕ್ಟರ್ ಆಗಿದ್ದ ರಾಬರ್ಟ್ ಸೆವೆಲ್ 1900ರಲ್ಲಿ ಇಂಗ್ಲಿಷಿಗೆ ತಂದ ಈ ವರದಿ ಒಂದು ಮುಖ್ಯ ಸಂಗತಿಯನ್ನು ತಿಳಿಸುತ್ತದೆ. 'ವಿಜಯನಗರದ ಬಿಲ್ಲು' ಎಂಬ ಒಂದೇ ಬಿಲ್ಲು ಇರಲಿಲ್ಲ; ಒಂದೇ ಸೇನೆಯಲ್ಲಿ ಬೇರೆ ಬೇರೆ ಬಿಲ್ಲುಗಳಿದ್ದವು.

ಅದೇ 1520ರ ರಾಯಚೂರು ಮುತ್ತಿಗೆಯಲ್ಲಿ ಪೋರ್ಚುಗೀಸ್ ಕೋವಿಗಾರರು ಕೋಟೆಯ ಮೇಲಿದ್ದವರನ್ನು ಗುರಿಯಿಟ್ಟು ಹೊಡೆದರು. ಬಿಲ್ಲಿನ ಕಾಲ ಇಳಿಮುಖವಾಗುವ ಸೂಚನೆ ಅದು. 1565ರಲ್ಲಿ ರಾಜಧಾನಿ ಹಾಳಾಯಿತು. ಬಿಲ್ಲು ಬೇಡರ ಬೇಟೆಯಲ್ಲಿ ಉಳಿಯಿತು. 1972ರ ವನ್ಯಜೀವಿ ಕಾಯ್ದೆಯ ನಂತರ ಬೇಟೆಯೇ ಅಪರಾಧವಾಯಿತು.

ಇಂಗ್ಲೆಂಡಿನ ಬಿಲ್ಲುಗಾರರ ಅದೃಷ್ಟ ಬೇರೆ. 1545ರಲ್ಲಿ ಮುಳುಗಿದ 'ಮೇರಿ ರೋಸ್' ಹಡಗನ್ನು 1982ರಲ್ಲಿ ಮೇಲೆತ್ತಲಾಯಿತು. ಅದರಿಂದ ನೂರಕ್ಕೂ ಹೆಚ್ಚು ಬಿಲ್ಲುಗಳು, ಮೂರು ಸಾವಿರಕ್ಕೂ ಹೆಚ್ಚು ಬಾಣಗಳು ದೊರೆತವು. ಅವನ್ನು ಅಳೆದು ನಕಲು ಮಾಡಿದಾಗ, ಅನೇಕ ಯುದ್ಧಬಿಲ್ಲುಗಳನ್ನು ಎಳೆಯಲು ನೂರು ಪೌಂಡಿಗೂ ಮಿಕ್ಕ ಬಲ ಬೇಕಿತ್ತೆಂದು ಗೊತ್ತಾಯಿತು. ತುಂಗಭದ್ರೆಯ ದಡದಲ್ಲಿ ಅಂಥ ನಿಧಿ ಸಿಕ್ಕಿಲ್ಲ. ಇಲ್ಲಿ ಶಿಲ್ಪವನ್ನು ನೋಡಿಯೇ ಊಹಿಸಬೇಕು. ಶಿಲ್ಪಿಗೂ ತನ್ನದೇ ಕಟ್ಟುಪಾಡು: ಕಲ್ಲಿನಲ್ಲಿ ತೆಳ್ಳನೆಯ ಬಿಲ್ಲು ಮುರಿದೀತೆಂದು ದಪ್ಪಗೆ ಕಡೆಯುತ್ತಾನೆ, ದೇವರ ಬಿಲ್ಲನ್ನು ಶಾಸ್ತ್ರದಂತೆ ಬಾಗಿಸುತ್ತಾನೆ.

ಆದ್ದರಿಂದ ಇಂಥ ಬಿಲ್ಲನ್ನು ಕೊಳ್ಳುವವರು ಮೂರು ಪ್ರಶ್ನೆ ಕೇಳುವುದು ಲೇಸು. ಮಾದರಿ ಯಾವುದು? ಸಾಮಗ್ರಿ ಕೊಂಬು-ನರಗಳೋ, ಬಿದಿರೋ, ಫೈಬರ್ ಗಾಜೋ? ಎಳೆತದ ತೂಕವೆಷ್ಟು? ಹೊಸಬರಿಗೆ 25-30 ಪೌಂಡು ಸಾಕು. ಬಾಣವಿಲ್ಲದೆ ಹೆದೆ ಎಳೆದು ಬಿಟ್ಟರೆ ಎಂಥ ಬಿಲ್ಲೂ ಸೀಳಬಹುದು. ಬಿದಿರ ಬಿಲ್ಲಿನಿಂದ ಕಲಿಯಬಯಸುವವರಿಗೆ ಭಾರತದ ಬಿಲ್ವಿದ್ಯೆ ಸ್ಪರ್ಧೆಗಳಲ್ಲಿ 'ಇಂಡಿಯನ್ ರೌಂಡ್' ಎಂಬ ವಿಭಾಗವೇ ಇದೆ.

ಆನೆಗೊಂದಿಯ ಕಡವಿನಲ್ಲಿ ಬೆತ್ತ ಹೆಣೆದು ತೊಗಲು ಹೊದಿಸಿದ ಬುಟ್ಟಿಯಂಥ ದೋಣಿಗಳನ್ನು ಪಾಯಸ್ ಕಂಡಿದ್ದ. ಆ ಹರಿಗೋಲು ಇಂದಿಗೂ ಉಳಿದಿದೆ, ಏಕೆಂದರೆ ಹೊಳೆ ದಾಟುವ ಅಗತ್ಯ ತಪ್ಪಲಿಲ್ಲ. ಮಾಡುವ ಕೈಗಳು ತಲೆಮಾರಿನಿಂದ ತಲೆಮಾರಿಗೆ ಕಲಿತವು. ಬಿಲ್ಲಿಗೆ ಆ ಭಾಗ್ಯವಿರಲಿಲ್ಲ. ಟಿ.ವಿ. ಧಾರಾವಾಹಿಯ ಜರತಾರಿ ಬಿಲ್ಲಿಗೆ ವಿಜಯನಗರದ ಹೆಸರು ಅಂಟಿಸಿ ಮಾರಿದರೆ ಮುಂದಿನ ಮಕ್ಕಳು ಅದನ್ನೇ ಚರಿತ್ರೆ ಎಂದುಕೊಂಡಾರು. 'ಹಜಾರರಾಮನ ಗೋಡೆ ನೋಡಿ, ಉಳಿದದ್ದನ್ನು ಊಹಿಸಿ ಮಾಡಿದ್ದು' ಎಂದು ಚೀಟಿ ಬರೆದು ಕಟ್ಟುವ ಮಾರಾಟಗಾರನಿಂದ ಕೊಂಡರೆ ಕೊಟ್ಟ ಹಣಕ್ಕೆ ಮೋಸವಿಲ್ಲ.