ಹಗೆಗೂ ಗರಿಕೆ, ಹರಕೆಗೂ ಗರಿಕೆ

ಮದುವೆಮನೆಯಲ್ಲಿ ಗಂಡು ಹೆಣ್ಣಿನ ತಲೆಗೆ ಅಕ್ಷತೆ ಹಾಕುವ ಹಿರಿಯರು ‘ನಿಮ್ಮ ವಂಶ ಗರಿಕೆ ಹಾಗೆ ಹಬ್ಬಲಿ’ ಎಂದು ಹರಸುತ್ತಾರೆ. ಅದೇ ಹಿರಿಯರನ್ನು ಮಾರನೆಯ ದಿನ ಹೊಲದಲ್ಲಿ ಮಾತಾಡಿಸಿ ನೋಡಿ. ‘ಹಾಳಾದ್ ಗರಿಕೆ, ಎಷ್ಟ್ ಕಿತ್ರೂ ಹೋಗಲ್ಲ’ ಎಂಬ ಮಾತು ಕಾದಿರುತ್ತದೆ. ಎರಡಕ್ಕೂ ಕಾರಣ ಒಂದೇ: ಅದರ ಹಬ್ಬುವ ಚಾಳಿ.

ಮೈಸೂರು ಕಡೆ ಗರಿಕೆ, ಗರುಕೆ. ಧಾರವಾಡದ ಕಡೆ ಕರಕಿ. ತೆಲುಗರಿಗೆ ಗರಿಕ, ಮಲಯಾಳಿಗಳಿಗೆ ಕರುಕ, ತಮಿಳರಿಗೆ ಅರುಗು. ಹುಲ್ಲಿನಂತೆ ಹೆಸರೂ ಬದು ದಾಟಿದೆ. ದೂರ್ವೆ ಎಂಬ ಸಂಸ್ಕೃತದ ಹೆಸರು ದೇವರ ಕೋಣೆಯಲ್ಲೇ ಉಳಿಯಿತು. ಹೂವಿನವಳ ಹತ್ತಿರ ಯಾರೂ ‘ಒಂದು ಕಟ್ಟು ದೂರ್ವೆ ಕೊಡಮ್ಮ’ ಎನ್ನುವುದಿಲ್ಲ. ಸಸ್ಯಶಾಸ್ತ್ರದವರ ಸೈನೊಡಾನ್ ಡ್ಯಾಕ್ಟಿಲಾನ್ ಎಂಬ ಹೆಸರಲ್ಲಿ ನಾಯಿಹಲ್ಲೂ ಇದೆ, ಬೆರಳೂ ಇದೆ. ಅದರ ತೆನೆ ನೋಡಿದ್ದರೆ ಬೆರಳನ್ನು ಒಪ್ಪಲೇಬೇಕು. ಒಂದೇ ತುದಿಯಿಂದ ನಾಲ್ಕೈದು ಕಡ್ಡಿ ಬಿಚ್ಚಿಕೊಂಡಿರುತ್ತವೆ. ನಾಯಿಹಲ್ಲು ಎಂದರೆ ಮಣ್ಣೊಳಗಿನ ಕಾಂಡದ ಚೂಪು ಪೊರೆ.

ಈ ಕಾಂಡದಲ್ಲೇ ಅದರ ಜೀವ ಇರುವುದು. ನೆಲದ ಮೇಲೆ ಹರಿಯುವ ಬಳ್ಳಿ ಒಂದು, ನೆಲದೊಳಗೆ ಹರಿಯುವುದು ಇನ್ನೊಂದು. ಎರಡರಲ್ಲೂ ಗೆಣ್ಣು ಸಿಕ್ಕಲ್ಲೆಲ್ಲ ಬೇರು, ಚಿಗುರು. ವೇದದ ಮಂತ್ರವೊಂದು ದೂರ್ವೆಯನ್ನು ಗೆಣ್ಣುಗೆಣ್ಣಿನಿಂದ ಚಿಗುರುವವಳು ಎಂದೇ ಕರೆಯುತ್ತದೆ. ರೈತನ ದೂರು ಕೂಡ ಅದೇ, ಸ್ವರ ಬೇರೆ. ಗರಿಕೆ ಹೊಕ್ಕ ಹೊಲಕ್ಕೆ ರೋಟವೇಟರ್ ಬಿಟ್ಟರೆ ಒಂದು ಬಳ್ಳಿ ನೂರು ತುಂಡಾಗಿ ಹೊಲದ ತುಂಬ ಬಿತ್ತನೆಯಾಗುತ್ತದೆ. ಅದಕ್ಕಿಂತ ಬಿರುಬೇಸಿಗೆಗೆ ಮೊದಲು ಆಳವಾಗಿ ಉತ್ತು, ಬೇರನ್ನೆಲ್ಲ ಮೇಲೆ ಹಾಕಿ ಬಿಸಿಲಿಗೆ ಒಣಗಿಸುವ ಹಳೆಯ ರೂಢಿಯೇ ವಾಸಿ. ಬೇರಿನವರೆಗೂ ಇಳಿದು ಕೊಲ್ಲುತ್ತದೆಂದು ಗ್ಲೈಫೋಸೇಟ್ ಎಂಬ ಕಳೆನಾಶಕ ಹೊಡೆಯುವವರು ಬಹಳ. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಅದನ್ನು ಕೀಟನಿಯಂತ್ರಣ ನಿರ್ವಾಹಕರ ಮೂಲಕ ಮಾತ್ರ ಬಳಸಬೇಕೆಂದು ಕಟ್ಟುಮಾಡಿತು. ಆದರೆ ಈ ಗಟ್ಟಿಗಿತ್ತಿಗೂ ಒಂದು ಅಂಜಿಕೆ ಇದೆ: ನೆರಳು. ಬಿಸಿಲಿಲ್ಲದೆ ಅದು ಬಾಳಲಾರದು. ಹುರುಳಿಯನ್ನೋ ಸೆಣಬನ್ನೋ ಒತ್ತಾಗಿ ಚೆಲ್ಲಿದರೆ ಅಡಿಯಲ್ಲಿ ಸೊರಗುತ್ತದೆ. ಔಷಧದ ಅಂಗಡಿಯವರು ಇದನ್ನು ಹೇಳುವುದಿಲ್ಲ.

ಹಾಗೆಂದು ರೈತ ಅದನ್ನು ಪೂರ್ತಿ ಹಗೆ ಎನ್ನುವುದೂ ಇಲ್ಲ. ಹೊಲದೊಳಗೆ ಬೇಡವಾದದ್ದು ಬದುವಿನ ಮೇಲೆ ಬೇಕು. ಮಳೆಗೆ ಬದು ಕೊಚ್ಚದಂತೆ ಹಿಡಿಯುವುದೂ ಅದೇ, ಬೇರೆ ಮೇವು ಒಣಗಿದಾಗ ದನ ಕುರಿಗಳ ಬಾಯಿಗೆ ಸಿಗುವುದೂ ಅದೇ.

ಪೂಜೆಯ ದಿನ ಸಗಣಿಯ ಉಂಡೆಗೆ ಗರಿಕೆ ಸಿಕ್ಕಿಸಿದರೆ ಬೆನಕನಾಯಿತು, ಬೇರೆ ವಿಗ್ರಹ ಬೇಕಿಲ್ಲ. ಅನಲಾಸುರನನ್ನು ನುಂಗಿದ ಗಣಪತಿಗೆ ಹೊಟ್ಟೆಯುರಿ ತಾಳಲಾಗದೆ, ಋಷಿಗಳು ಇಪ್ಪತ್ತೊಂದು ಗರಿಕೆ ಇಟ್ಟ ಮೇಲೆ ತಂಪಾಯಿತೆಂಬುದು ಪುರಾಣ. (ದೇವರು ಮೆಚ್ಚಿದ್ದನ್ನು ಬುಡಸಹಿತ ಕಿತ್ತೆಸೆಯುವ ಪಾಪಕ್ಕೆ ರೈತನಿಗೊಂದು ವಿನಾಯಿತಿ ಇರಲೇಬೇಕು.) ಚೌತಿಯ ಹಿಂದಿನ ದಿನ ಪೇಟೆಯಲ್ಲಿ ಈ ಕಳೆಗೇ ಚೌಕಾಸಿ ನಡೆಯುತ್ತದೆ.

ಪೇಟೆಯ ಇನ್ನೊಂದು ಹೆಸರು ನನಗೆ ಇನ್ನೂ ಜೀರ್ಣವಾಗಿಲ್ಲ: ಬರ್ಮುಡಾ ಗ್ರಾಸ್. ಬರ್ಮುಡಾ ದ್ವೀಪ ಅದರ ತವರಲ್ಲ. ಅದು ಅಲ್ಲಿಗೂ ಹೊರಗಿನಿಂದ ಹೋದದ್ದು. ಆದರೂ ಆ ಹೆಸರಿನ ಚೀಟಿ ಅಂಟಿದ ಕೂಡಲೇ ಕಳೆ ಲಾನ್ ಆಗುತ್ತದೆ, ಕೀಳುವ ಕೂಲಿಯ ಬದಲು ಹಾಸುವ ಕೂಲಿ ಕೊಡುತ್ತೇವೆ. ನರ್ಸರಿಯವರು ಚದರಡಿ ಲೆಕ್ಕದಲ್ಲಿ ಮಾರುವುದು ನಮ್ಮ ಗರಿಕೆಯನ್ನೇ, ಇಲ್ಲವೇ ಅದರಿಂದ ಮಾಡಿದ ಮಿಶ್ರತಳಿಯನ್ನು. ಮುಂಗಡ ಕೊಡುವ ಮೊದಲು ನಿಮ್ಮ ಕಾಂಪೌಂಡಿನ ಬಿಸಿಲು ಬೀಳುವ ಮೂಲೆಯನ್ನು ಒಮ್ಮೆ ನೋಡಿಬನ್ನಿ.